ಒಂದೇ ಒಂದು ಅಂಕಿ

"ಮೀಟರಪ್ಪಾ, ಸ್ವಲ್ಪ ನೋಡ್ಕೊಂಡು ಬರೀರಿ" ಎಂದು ಮಹಡಿ ಮನೆಯ ಯಜಮಾನಿ ಬಾಗಿಲಲ್ಲಿ ನಿಂತೇ ಹೇಳಿದರು. ನೋಡಿಕೊಂಡು ಬರೆಯಿರಿ ಎಂದರೆ ಸರಿಯಾಗಿ ನೋಡದೆ ಬರೆಯಿರಿ ಎಂದು ಅರ್ಥ. ಇಪ್ಪತ್ತೇಳು ವರ್ಷದಿಂದ ನೀರಿನ ಮೀಟರ್ ಓದುತ್ತಿರುವವನಿಗೆ ಇಷ್ಟು ಗೊತ್ತಾಗದೆ ಇರುತ್ತದೆಯೇ?

ಮೀಟರಪ್ಪ ಗೋಡೆ ಹಿಡಿದು ಕುಕ್ಕರುಗಾಲಲ್ಲಿ ಕೂತ. ಬಲ ಮಂಡಿ ಲಟಕ್ಕೆಂದಿತು. ಹೆಗಲ ಮೇಲಿನ ಬಟ್ಟೆಯಿಂದ ಮೀಟರಿನ ಗಾಜು ಒರೆಸಿ, ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿ, ಕೊನೆಯ ಪಾಯಿಂಟನ್ನೂ ಬಿಡದೆ ಬರೆದುಕೊಂಡ. "ನೋಡ್ಕೊಂಡೇ ಬರೆದಿದ್ದೀನಿ ತಾಯಿ" ಎಂದು ಎದ್ದ. ಯಜಮಾನಿ ಮುಖ ತಿರುಗಿಸಿ ಒಳಗೆ ಹೋದರು.

ಬಾಗಿಲು ಹಾಕಿದ ಮನೆ ಸಿಕ್ಕರೆ ಬೇರೆ ರೀಡರುಗಳು ಹೋದ ಸಲದ ಲೆಕ್ಕಕ್ಕೆ ಅಷ್ಟಿಷ್ಟು ಸೇರಿಸಿ ಅಂದಾಜಿನಲ್ಲಿ ಬರೆದುಬಿಡುತ್ತಿದ್ದರು. ಇವನು ಮೂರು ಸಲ ಬೇಕಾದರೂ ತಿರುಗಿ ಬರುತ್ತಿದ್ದ, ಅಂದಾಜು ಬರೆಯುತ್ತಿರಲಿಲ್ಲ. ಕಾಲಂ ಖಾಲಿ ಬಿಟ್ಟ ಹಾಳೆಯನ್ನು ಕಚೇರಿಗೆ ಕೊಟ್ಟ ದಿನವೇ ಇಲ್ಲ. "ಈತ ಹೆಂಡತಿ ಕೊಟ್ಟ ಚಹಾವನ್ನೂ ಅಳೆದು, ಪಾಯಿಂಟ್ ಬರೆದು ಕುಡಿಯೋನು" ಎಂದು ಕಚೇರಿಯವರು ನಗುತ್ತಿದ್ದರು. ನಗಲಿ ಬಿಡಿ. ಬೀದಿಯ ಜನ ಇಟ್ಟ ಮೀಟರಪ್ಪ ಎನ್ನುವ ಹೆಸರನ್ನು ಅವನು ಪದಕದ ಹಾಗೆ ಧರಿಸಿಕೊಂಡು ಓಡಾಡುತ್ತಿದ್ದ.

ಓಡಾಡುತ್ತಿದ್ದದ್ದು ಹನ್ನೊಂದು ವರ್ಷದ ಮೋಟಾರ್ ಸೈಕಲ್ ಮೇಲೆ. ಬೀದಿಯ ತುದಿಯಲ್ಲಿ ಅದನ್ನು ನಿಲ್ಲಿಸಿ, ಒಂದೊಂದು ಮನೆಗೂ ನಡೆದು ಹೋಗುವುದು ಅವನ ಪದ್ಧತಿ. ಎಣ್ಣೆ ಬದಲಿಸಿದ್ದು, ಚೈನು ಹಾಕಿಸಿದ್ದು, ಬ್ರೇಕಿನ ವೈರು ಕಿತ್ತದ್ದು, ಎಲ್ಲವನ್ನೂ ಎಷ್ಟನೇ ಕಿಲೋಮೀಟರಿಗೆ ಎಂದು ಒಂದು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟಿದ್ದ. ಆದರೆ ಆ ಗಾಡಿಗೆ ಒದ್ದು ಸ್ಟಾರ್ಟ್ ಮಾಡುವ ಕಿಕ್ಕರ್ ಒಂದೇ ಗತಿ. "ಇನ್ನು ಒದೆಯೋದು ಬಿಡಿ, ಇಲ್ಲಾಂದ್ರೆ ಮಂಡಿ ನನ್ನ ಕೈಗೆ ಬರುತ್ತೆ" ಎಂದು ಮೂಳೆ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ ಮೇಲೆ ಮಾರುವುದೆಂದು ತೀರ್ಮಾನವಾಯಿತು.

ಕೊಳ್ಳಲು ಬಂದವರೆಲ್ಲ ಒಂದೇ ಅಚ್ಚಿನವರು. ಒಂದೇ ಒದೆತಕ್ಕೆ ಗಾಡಿ ಎದ್ದಾಗ ಕಣ್ಣರಳಿಸುತ್ತಿದ್ದರು. ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದು "ಎಂಥ ಇಂಜಿನ್ ಸಾರ್!" ಎನ್ನುತ್ತಿದ್ದರು. ಆಮೇಲೆ ಬಗ್ಗಿ ಓಡಿದ ಕಿಲೋಮೀಟರ್ ನೋಡುತ್ತಿದ್ದರು. ತೊಂಬತ್ನಾಲ್ಕು ಸಾವಿರದ ಇನ್ನೂರ ಹದಿನೇಳು. ಅಲ್ಲಿಗೆ ಮುಖ ಹುಳ್ಳಗಾಗುತ್ತಿತ್ತು.

"ಗಾಡಿ ಚೆನ್ನಾಗಿದೆ ಸಾರ್, ಆದ್ರೆ ಬಹಳ ಓಡಿಬಿಟ್ಟಿದೆ."

"ಗಾಡಿ ಇರೋದೇ ಓಡೋಕಲ್ವೇನಪ್ಪಾ? ಇರು, ಪುಸ್ತಕ ತರ್ತೀನಿ, ಎಲ್ಲಾ ಬರೆದಿದ್ದೀನಿ."

ಅವನು ಒಳಗಿಂದ ಪುಸ್ತಕ ತರುವಷ್ಟರಲ್ಲಿ ಬಂದವರು ಗೇಟು ದಾಟಿರುತ್ತಿದ್ದರು. ಹೀಗೆ ಆರು ಜನ ಬಂದು ಹೋದರು.

ಏಳನೆಯವನಾಗಿ ಬಂದದ್ದು ಹೆಂಡತಿಯ ತಮ್ಮ. ಮುಖ್ಯರಸ್ತೆಯಲ್ಲಿ ಹಳೇ ಬೈಕುಗಳ ಅಂಗಡಿ ಇಟ್ಟವನು. ಬೆಳಗಿನಿಂದ ಸಂಜೆಯವರೆಗೆ ಬಾಯಿಗೆ ಬಿಡುವಿಲ್ಲದ ಅವನಿಗೆ ಪೇಟೆಯವರು ಸೈಲೆನ್ಸರ್ ಎಂದು ಹೆಸರಿಟ್ಟಿದ್ದರು.

"ಭಾವ, ನಾನು ಸತ್ತಿದ್ದೀನಾ? ಮನೆಯಲ್ಲೇ ಅಂಗಡಿಯವನನ್ನ ಇಟ್ಕೊಂಡು ಕಂಡಕಂಡೋರಿಗೆ ಯಾಕೆ ತೋರಿಸ್ತೀರಿ? ಕೊಡಿ ಇಲ್ಲಿ ಬೀಗದಕೈ."

ಮಾರಾಟದ ಪತ್ರ ಅವನ ಜೇಬಿನಲ್ಲೇ ಇತ್ತು. ಮೀಟರಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಕಾಲಂ ತುಂಬಿದ. 'ಓಡಿದ ಕಿಲೋಮೀಟರ್' ಎನ್ನುವಲ್ಲಿ ಪೆನ್ನು ಇಡುವಷ್ಟರಲ್ಲಿ ಸೈಲೆನ್ಸರ್ ಕೈ ಅಡ್ಡ ಇಟ್ಟ.

"ಅದನ್ನ ಬಿಡಿ ಭಾವ, ಅಂಗಡೀಲಿ ಬರ್ಕೋತೀನಿ. ಗಿರಾಕಿ ಸಿಗೋ ಹೊತ್ತಿಗೆ ನಾಲ್ಕು ಕಿಲೋಮೀಟರ್ ಹೆಚ್ಚು ಓಡಿರುತ್ತೆ, ಆಮೇಲೆ ನೀವೇ ತಪ್ಪಾಯ್ತು ಅಂತೀರಿ."

ಆ ಮಾತು ಮೀಟರಪ್ಪನಿಗೆ ಸರಿಯೆನಿಸಿತು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಒಂದು ಕಾಲಂ ಖಾಲಿ ಬಿಟ್ಟು ಕೆಳಗೆ ಸಹಿ ಹಾಕಿದ. "ಹಿಂದಿನ ಚಕ್ರದ ಬೇರಿಂಗ್ ಸವೆದಿದೆ ಕಣೋ. ಮಾರೋ ಮುಂಚೆ ಹೊಸದು ಹಾಕ್ಸು. ವೇಗದಲ್ಲಿ ಹೋಗ್ವಾಗ ಒಡೆದ್ರೆ ಚಕ್ರ ಸೊಟ್ಟ ತಿರುಗಿ ಆಳನ್ನ ಎಸೆದುಬಿಡುತ್ತೆ ಅಂತ ಗ್ಯಾರೇಜಿನವನು ಹೇಳಿದ್ದಾನೆ" ಎಂದು ಎರಡೆರಡು ಸಲ ಹೇಳಿದ. "ಹಾಕಿಸ್ದೆ ಅಂತ ತಿಳ್ಕೊಳ್ಳಿ" ಎಂದು ಸೈಲೆನ್ಸರ್ ಗಾಡಿ ಏರಿದ. ಅವನು ಕೊಟ್ಟ ಬೆಲೆ ಆ ಆರು ಜನರಲ್ಲಿ ಯಾರೂ ಬಾಯಿಬಿಟ್ಟು ಹೇಳದಷ್ಟು ದೊಡ್ಡದಾಗಿತ್ತು. ಯಾಕಿಷ್ಟು ಎಂದು ಮೀಟರಪ್ಪ ಕೇಳಲಿಲ್ಲ. ಅದರಲ್ಲಿ ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಸ್ಕೂಟರ್ ಬಂತು. ಹೆಂಡತಿ ವಾರಗಟ್ಟಲೆ ತಮ್ಮನ ಗುಣಗಾನ ಮಾಡಿದಳು.

ಎರಡು ತಿಂಗಳು ಕಳೆದು, ಮುಂದಿನ ಸರದಿಯಲ್ಲಿ ಮೀಟರಪ್ಪ ಹಿಂದಿನ ಬೀದಿಯ ಹಂಚಿನ ಮನೆಗೆ ಹೋದ. ಆ ಮನೆಯಲ್ಲಿ ಇರುವುದು ಇಬ್ಬರೇ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಯಜಮಾನರು, ಮತ್ತು ಲ್ಯಾಬಿನ ಕೆಲಸದ ಅವರ ಮಗಳು. ಮಗಳು ಬೆಳಿಗ್ಗೆ ಐಸ್ ಪೆಟ್ಟಿಗೆ ಹಿಡಿದು ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದುಕೊಂಡು ಬರುವವಳು. ಅಪ್ಪನ ಮೂತ್ರಪಿಂಡ ಕೈಕೊಟ್ಟು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ದೊಡ್ಡಾಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು.

ಅಂಗಳದಲ್ಲಿ ಅವನ ಮೋಟಾರ್ ಸೈಕಲ್ ನಿಂತಿತ್ತು. ಟ್ಯಾಂಕಿನ ಎಡಬದಿಯ ತಗ್ಗು ಅವನ ಮಗಳು ಚಿಕ್ಕವಳಿದ್ದಾಗ ಬೀಳಿಸಿ ಆದದ್ದು. ಅದನ್ನು ಅವನು ಕತ್ತಲಲ್ಲೂ ಮುಟ್ಟಿ ಗುರುತಿಸಬಲ್ಲ.

"ಹೊಸ ಗಾಡಿ, ಹೇಗಿದೆ?" ಎಂದು ಕಂಡಕ್ಟರು ಜಗಲಿಯ ಕುರ್ಚಿಯಿಂದಲೇ ಕೂಗಿದರು. "ಜೀವಮಾನವೆಲ್ಲಾ ನಾನು ಊರಿಗೆಲ್ಲಾ ಟಿಕೆಟ್ ಕೊಟ್ಟೆ. ಈಗ ಮಗಳು ನನ್ನನ್ನ ಬಿಟ್ಟಿ ಕೂರಿಸ್ಕೊಂಡು ಹೋಗ್ತಾಳೆ. ನಾನು ಹಿಂದೆ ಕೂತು ರೈಟ್ ರೈಟ್ ಅಂದ್ರೇನೇ ಗಾಡಿ ಬಿಡೋದು."

ಮಗಳು ನಗುತ್ತಾ ಹೊರಗೆ ಬಂದಳು. "ಹಳೇದೇ ಸರ್, ಆದ್ರೆ ಹೆಚ್ಚು ಓಡಿಲ್ಲ. ಯಾರೋ ನಿವೃತ್ತ ಪ್ರೊಫೆಸರ್ ಇಟ್ಕೊಂಡಿದ್ರಂತೆ. ಭಾನುವಾರ ಲೈಬ್ರರಿಗೆ ಬಿಟ್ರೆ ಬೇರೆಲ್ಲೂ ಹೋಗ್ತಿರ್ಲಿಲ್ವಂತೆ."

ಮೀಟರಪ್ಪ ಬಾಗಿದ. ಅಭ್ಯಾಸಬಲದಿಂದ ಹೆಗಲ ಬಟ್ಟೆಯಿಂದಲೇ ಗಾಜು ಒರೆಸಿದ. ಇಪ್ಪತ್ತೈದು ಸಾವಿರದ ಅರುವತ್ತು.

ಇನ್ನೊಂದು ಸಲ ಓದಿದ. ತೊಂಬತ್ತೈದು ಸಾವಿರದ ಅರುವತ್ತು ಇರಬೇಕಾಗಿತ್ತು. ಮೊದಲ ಅಂಕಿ ಒಂಬತ್ತು ಹೋಗಿ ಎರಡಾಗಿತ್ತು. ಎಪ್ಪತ್ತು ಸಾವಿರ ಕಿಲೋಮೀಟರ್! ಅವನು ಬೀದಿ ಬೀದಿ ಅಲೆದ ಎಂಟು ವರ್ಷ, ಬಿಸಿಲು, ಕೆಸರು, ಗುಂಡಿ, ಸವೆದ ಮಂಡಿ, ಎಲ್ಲವನ್ನೂ ಯಾರೋ ಬೆರಳ ತುದಿಯಲ್ಲಿ ಒರೆಸಿಹಾಕಿದ್ದರು. 

"ಶಬ್ದ ಏನಾದ್ರೂ ಬರುತ್ತಾ ಅಮ್ಮಾ? ಹಿಂದುಗಡೆಯಿಂದ?"

"ಗರಗರ ಅನ್ನುತ್ತೆ ಸರ್. ಗ್ಯಾರೇಜಿಗೆ ಒಯ್ದಿದ್ದೆ. ಅವ್ರು ಬೇರಿಂಗ್ ಇರ್ಬಹುದು ಅಂದ್ರು, ಆಮೇಲೆ ಕಿಲೋಮೀಟರ್ ನೋಡಿ, ಇಪ್ಪತ್ತೈದು ಸಾವಿರಕ್ಕೆಲ್ಲ ಬೇರಿಂಗ್ ಹೋಗಲ್ಲ, ಚೈನೇ ಇರ್ಬೇಕು ಅಂತ ಬಿಗಿ ಮಾಡಿ ಕಳಿಸಿದ್ರು."

ಗ್ಯಾರೇಜಿನವರ ಕಿವಿ ಸರಿಯಾಗಿಯೇ ಕೇಳಿತ್ತು. ಸುಳ್ಳು ಅಂಕಿ ಕಿವಿಯ ಬಾಯಿ ಮುಚ್ಚಿಸಿತ್ತು. ಮೀಟರಪ್ಪ ಹಿಂದಿನ ಚಕ್ರ ಹಿಡಿದು ಅಲುಗಾಡಿಸಿದ. ಅದು ಹಾಲುಹಲ್ಲಿನ ಹಾಗೆ ಅತ್ತಿತ್ತ ಆಡಿತು.

ಆಗಲೇ ಹೇಳಬೇಕಿತ್ತು. ಅಮ್ಮಾ, ಈ ಗಾಡಿ ನನ್ನದು, ಈ ಅಂಕಿ ಸುಳ್ಳು, ಇದರ ಮೇಲೆ ಅಪ್ಪನನ್ನು ಕೂರಿಸಬೇಡ. ಮೂರು ಮಾತು, ಅಷ್ಟೇ. ಆದರೆ ಹೇಳಿದರೆ ಹೆಂಡತಿಯ ತಮ್ಮನ ಮಾನ ಹೋಗುತ್ತದೆ. ಬೀದಿಯವರು ಪ್ರೀತಿಯಿಂದ ಇಟ್ಟ ಹೆಸರೂ ಹೋಗುತ್ತದೆ. ಮೊದಲು ಸೈಲೆನ್ಸರನನ್ನು ವಿಚಾರಿಸಿ, ನಾಳೆ ಬಂದು ಹೇಳಿದರಾಯಿತು ಎಂದುಕೊಂಡ. "ಸ್ವಲ್ಪ ನಿಧಾನವಾಗಿ ಓಡ್ಸಮ್ಮಾ" ಎಂದಷ್ಟೇ ಹೇಳಿ ಹೊರಟುಬಿಟ್ಟ. ಆಸ್ಪತ್ರೆಗೆ ಹೋಗುವುದು ಯಾವತ್ತು ಎಂದೂ ಕೇಳಲಿಲ್ಲ. ಆ ಮನೆಯ ನೀರಿನ ಮೀಟರ್ ಓದಲಿಲ್ಲವೆಂದು ಬೀದಿ ದಾಟಿದ ಮೇಲೆ ನೆನಪಾಯಿತು.

ಅಂಗಡಿಯಲ್ಲಿ ಗಿರಾಕಿಗಳಿಲ್ಲದೆ ಸೈಲೆನ್ಸರ್ ಕೂತಿದ್ದ. ಹಿಂದೆ ಗಾಜಿನ ಡಬ್ಬದಂಥ ಮೂಲೆಯಲ್ಲಿ ಗಡಿಯಾರ ರಿಪೇರಿಯವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತಿದ್ದ. ಎಲ್ಲರ ಕೈಗೂ ಮೊಬೈಲ್ ಬಂದು ಗಡಿಯಾರದ ಕೆಲಸ ನಿಂತ ಮೇಲೆ ಆತ ಇಲ್ಲಿಗೆ ಬಂದವನು. ಆತನ ಮುಂದೆ ಬಿಚ್ಚಿಟ್ಟಿದ್ದದ್ದು ಗಡಿಯಾರವಲ್ಲ, ಯಾವುದೋ ಬೈಕಿನ ಕಿಲೋಮೀಟರ್ ಡಯಲ್ಲು.

"ಎಪ್ಪತ್ತು ಸಾವಿರ ಎಲ್ಲಿ ಹೋಯ್ತೋ?" ಎಂದ ಮೀಟರಪ್ಪ.

ಸೈಲೆನ್ಸರ್ ನಕ್ಕ. "ಓ, ನೋಡಿಬಿಟ್ರಾ? ಭಾವ, ನಿಮ್ಮ ಮೇಲಾಣೆ, ಮುಟ್ಟಿದ್ದು ಒಂದೇ ಒಂದು ಅಂಕಿ. ಉಳಿದ ನಾಲ್ಕೂ ನೀವು ಬಿಟ್ಟ ಹಾಗೇ ಇವೆ."

"ಉಪಕಾರ ಆಯ್ತು! ಬೇರಿಂಗ್ ಯಾಕೆ ಹಾಕಿಸ್ಲಿಲ್ಲ? ಎರಡು ಸಲ ಹೇಳಿದ್ದೆ."

"ಇಪ್ಪತ್ನಾಲ್ಕು ಸಾವಿರ ಓಡಿದ ಗಾಡಿಗೆ ಹೊಸ ಬೇರಿಂಗ್ ಹಾಕಿದ್ರೆ ಗಿರಾಕಿಗೆ ಅನುಮಾನ ಬರಲ್ವಾ?"

ಈ ಮಾತನ್ನು ಅವನು ಯಾವ ನಾಚಿಕೆಯೂ ಇಲ್ಲದೆ ಹೇಳಿದ, ಮಳೆ ಬಂದರೆ ಕೊಡೆ ಹಿಡಿಯಬೇಕಲ್ಲವೇ ಎನ್ನುವಷ್ಟು ಸಲೀಸಾಗಿ. ಒಂದು ಸುಳ್ಳನ್ನು ಕಾಪಾಡುವುದಕ್ಕೆ ಚಕ್ರವನ್ನು ಹಾಗೆಯೇ ಬಿಟ್ಟಿದ್ದ! 

"ಅದರ ಹಿಂದೆ ಡಯಾಲಿಸಿಸ್ ಮಾಡಿಸ್ಕೊಳ್ಳೋ ಮುದುಕರು ಕೂರ್ತಾರೆ ಕಣೋ! ಬಿದ್ರೆ ಅವರ ಮೈ ತಡ್ಕೊಳ್ಳುತ್ತಾ?"

"ಕೂಗಬೇಡಿ ಭಾವ. ಆ ಮೂಲೇಲಿರೋ ಕಪ್ಪು ಗಾಡಿ ನೋಡಿ. ಒಂದನ್ನಾದ್ರೂ ನಿಜ ಹೇಳಿ ಮಾರೋಣ ಅಂತ ಡಯಲ್ ಮುಟ್ಟದೆ ನಿಲ್ಲಿಸ್ದೆ. ಎಂಟು ತಿಂಗಳಾಯ್ತು, ನಾಯಿ ಕೂಡ ಮೂಸಿಲ್ಲ. ಜನ ಇಂಜಿನ್ ಕೊಳ್ಳಲ್ಲ, ನಂಬರ್ ಕೊಳ್ತಾರೆ. ನಿಮ್ಮ ಮನೆಗೆ ಬಂದ ಆರು ಜನ ಏನ್ಮಾಡಿದ್ರು? ಮುಖ ತಿರುಗಿಸ್ಕೊಂಡು ಹೋಗ್ಲಿಲ್ವಾ? ಈ ಸಾಲಲ್ಲಿ ಹದಿನಾಲ್ಕು ಅಂಗಡಿ ಇದೆ, ಹದಿನಾಲ್ಕರಲ್ಲೂ ಇದೇ. ನಾನೊಬ್ಬ ಸಾಚಾ ಆದ್ರೆ ಮಕ್ಕಳು ಏನು ತಿನ್ನಬೇಕು?"

"ನನ್ನ ಗಾಡಿಗೆ ಯಾಕೆ ಮಾಡ್ದೆ?"

ಸೈಲೆನ್ಸರ್ ಮೇಜಿನ ಖಾನೆಯಿಂದ ಮಾರಾಟದ ಪತ್ರ ತೆಗೆದು ಮುಂದೆ ಹಿಡಿದ. 'ಓಡಿದ ಕಿಲೋಮೀಟರ್' ಎನ್ನುವ ಕಡೆ ಬೇರೆ ಶಾಯಿಯಲ್ಲಿ 24,217 ಎಂದಿತ್ತು. ಅದರ ಕೆಳಗೆ ಮೀಟರಪ್ಪನ ಸಹಿ, ಗುಂಡುಗುಂಡಾಗಿ, ತಪ್ಪಿಲ್ಲದೆ.

"ಖಾಲಿ ಬಿಟ್ಟು ಸಹಿ ಹಾಕಿದ್ದು ನೀವು. ಅಷ್ಟು ದೊಡ್ಡ ಬೆಲೆ ಕೊಟ್ಟಾಗ, ಯಾಕೋ ಇಷ್ಟು ಅಂತ ಒಂದು ಮಾತು ಕೇಳಿದ್ರಾ? ಆವಾಗ ಬೇಡ ಅನಿಸ್ಲಿಲ್ಲ, ಈಗ ಬಂದು ನನ್ನ ಮೇಲೆ ಹಾರಾಡ್ತೀರಿ."

ಮೀಟರಪ್ಪ ಹೊರಗೆ ಬಂದು, ಆ ಹಣದಲ್ಲೇ ಕೊಂಡ ಸ್ಕೂಟರಿನ ಗುಂಡಿ ಒತ್ತಿದ. ಸಿಟ್ಟು ಈಗ ಸೈಲೆನ್ಸರನ ಮೇಲೂ ಇತ್ತು, ತನ್ನ ಮೇಲೂ ಇತ್ತು.

ಮನೆಯಲ್ಲಿ ವಿಷಯ ಕೇಳಿ ಹೆಂಡತಿ ಮೊದಲು ತಮ್ಮನ ಪರವೇ ನಿಂತಳು. "ರೀ, ಊರೆಲ್ಲಾ ಮಾಡೋದನ್ನೇ ಅವನೂ ಮಾಡಿದ್ದಾನೆ. ಒಳಗೊಳಗೇ ಹೇಳಿ ಬೇರಿಂಗ್ ಹಾಕಿಸಿಬಿಡಿ. ನನ್ನ ತವರಿನ ಹೆಸರನ್ನ ಬೀದಿಗೆ ತರಬೇಡಿ."

"ಬೇರಿಂಗ್ ಒಂದೇ ಆಗಿದ್ರೆ ಹಾಕಿಸ್ತಿದ್ದೆ. ಮುಂದಿನ ಸಲ ಬ್ರೇಕು, ಅದರ ಮುಂದೆ ಇನ್ನೊಂದು. ಆ ಹುಡುಗಿ ಪ್ರತಿ ಸಲವೂ ಆ ಸುಳ್ಳು ನಂಬರ್ ನೋಡ್ಕೊಂಡು, ಇನ್ನೂ ಟೈಮಿದೆ ಅಂದ್ಕೋತಾಳೆ."

ಹೆಂಡತಿ ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಆ ಕಂಡಕ್ಟರು ಒಬ್ಬರೇ ಹಿಂದೆ ಕೂರ್ತಾರಾ? ಹಿಡ್ಕೊಳ್ಳೋಕೆ ಶಕ್ತಿ ಇದ್ಯಾ ಅವರಿಗೆ?" ಎಂದು ಕೇಳಿದಳು. ಬೆಳಿಗ್ಗೆ ಅವನು ಹೊರಡುವಾಗ ನೀಲಿ ರಟ್ಟಿನ ಪುಸ್ತಕವನ್ನು ಕಪಾಟಿನಿಂದ ತೆಗೆದು ಅವಳೇ ಕೈಗೆ ಕೊಟ್ಟಳು. "ನಾನೂ ಬರ್ತೀನಿ. ನೇರ ಅಂಗಡಿಗೇ ಬಂದಿರ್ತೀನಿ" ಎಂದಳು.

ಹಂಚಿನ ಮನೆಯ ಅಂಗಳದಲ್ಲಿ ಮೀಟರಪ್ಪ ಮೊದಲು ನೋಡಿದ್ದು ಡಯಲ್ಲನ್ನು. ಇಪ್ಪತ್ತೈದು ಸಾವಿರದ ಎಂಬತ್ತೆಂಟು. ನಿನ್ನೆಗೂ ಇವತ್ತಿಗೂ ಇಪ್ಪತ್ತೆಂಟು ಹೆಚ್ಚು. ದೊಡ್ಡಾಸ್ಪತ್ರೆ ಅಲ್ಲಿಂದ ಹದಿನಾಲ್ಕು ಕಿಲೋಮೀಟರ್. ಹೋಗಿ, ಬಂದು. ಯಾರೂ ಹೇಳಬೇಕಾಗಿರಲಿಲ್ಲ, ಅವನಿಗೆ ಓದುವುದು ಗೊತ್ತಿತ್ತು. ತಾನು ಬಾಯಿ ಮುಚ್ಚಿಕೊಂಡಿದ್ದಷ್ಟು ಹೊತ್ತು ಆ ಮುದುಕರು ಆ ಚಕ್ರದ ಮೇಲೆ ಕೂತು ರೈಟ್ ರೈಟ್ ಅಂದಿದ್ದರು. 

ಮಗಳು ಬಾಗಿಲಿಗೆ ಬಂದಳು. ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ. ಪ್ರೊಫೆಸರೂ ಇಲ್ಲ, ಲೈಬ್ರರಿಯೂ ಇಲ್ಲ. ಗಾಡಿ ನನ್ನದು, ಅಂಕಿ ಸುಳ್ಳು, ಸಹಿ ನನ್ನದು, ಬೇರಿಂಗ್ ಹೋಗಿರುವುದು ನನಗೆ ಗೊತ್ತಿತ್ತು.

ಅವಳು ಹಿಂದಿನ ಚಕ್ರದ ಕಡೆ ನೋಡಿದಳು. "ನಿನ್ನೆ ನೀವು ಚಕ್ರ ಹಿಡಿದು ಅಲ್ಲಾಡ್ಸಿದ್ರಿ."

"ಹೌದು."

"ಆವಾಗ್ಲೇ ಗೊತ್ತಿತ್ತು."

"ಗೊತ್ತಿತ್ತು ಕಣಮ್ಮಾ."

"ನಿನ್ನೆ ಸಾಯಂಕಾಲ ಅಪ್ಪನ್ನ ಹಿಂದೆ ಕೂರಿಸ್ಕೊಂಡು ರಿಂಗ್ ರೋಡಲ್ಲಿ ಲಾರಿಗಳ ಮಧ್ಯೆ ಹೋಗಿದ್ದೀನಿ ಸರ್! ಬರೋವಾಗ ಅವ್ರಿಗೆ ಸುಸ್ತು, ನನ್ನ ಬೆನ್ನ ಮೇಲೆ ತಲೆ ಇಟ್ಟು ನಿದ್ದೆ ಮಾಡ್ತಿದ್ರು. ನಿಮ್ಮ ಒಂದು ಮಾತಿಗೆ ಏನು ಕಷ್ಟ ಆಗಿತ್ತು? ಅಂಗಡಿಯವನು ಕಳ್ಳ ಸರಿ, ನಿಮ್ಮನ್ನ ಈ ಬೀದಿ ನಂಬುತ್ತೆ!"

ಅವಳ ಒಂದೊಂದು ಮಾತೂ ಸರಿಯಾಗಿತ್ತು. "ಆ ಇಪ್ಪತ್ತೆಂಟು ಕಿಲೋಮೀಟರ್ ನನ್ನ ತಲೆ ಮೇಲಿದೆ ತಾಯಿ. ಅದನ್ನ ಯಾರೂ ಹಿಂದಕ್ಕೆ ತಿರುಗಿಸೋಕಾಗಲ್ಲ" ಎಂದ. "ಈಗ ಅಂಗಡಿಗೆ ಬಾ. ನಾನೇ ಮುಂದೆ ನಿಂತು ಹೇಳ್ತೀನಿ."

ಜಗಲಿಯಿಂದ ಕಂಡಕ್ಟರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಹೋಗಮ್ಮಾ. ತಪ್ಪು ಸ್ಟಾಪಲ್ಲಿ ಇಳಿಸಿದ ಮೇಲೂ ವಾಪಸ್ ಬಂದು ಹತ್ತಿಸ್ಕೊಳ್ಳೋರು ಕಮ್ಮಿ" ಎಂದರು. ದನಿಯಲ್ಲಿ ನಗು ಇರಲಿಲ್ಲ.

ಗಾಡಿಯನ್ನು ಓಡಿಸದೆ, ಸಾಮಾನು ಸಾಗಿಸುವ ಆಟೊದ ಮೇಲೆ ಹೇರಿ ಅಂಗಡಿಗೆ ತಂದರು. ಅಲ್ಲಿ ಗಿರಾಕಿಗಳು ಇಬ್ಬರಿದ್ದರು. ಸೈಲೆನ್ಸರ್ ಯಾವುದೋ ಕೆಂಪು ಬೈಕಿನ ಮೇಲೆ ಕೈಯಾಡಿಸುತ್ತಾ "ಒಬ್ಬ ಬ್ಯಾಂಕ್ ಮ್ಯಾನೇಜರ್ ಸಾರ್, ಭಾನುವಾರ ಮಾತ್ರ" ಎನ್ನುತ್ತಿದ್ದ. ಕುರ್ಚಿಯಲ್ಲಿ ಮೀಟರಪ್ಪನ ಹೆಂಡತಿ ಕೂತಿದ್ದಳು.

"ಈಯಮ್ಮನಿಗೆ ನೀನು ಇಪ್ಪತ್ನಾಲ್ಕು ಸಾವಿರ ಅಂತ ಕೊಟ್ಟ ಗಾಡಿ ತೊಂಬತ್ನಾಲ್ಕು ಸಾವಿರ ಓಡಿತ್ತು" ಎಂದು ಮೀಟರಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. "ಓಡಿಸಿದ್ದು ನಾನು. ಖಾಲಿ ಕಾಗದಕ್ಕೆ ಸಹಿ ಹಾಕಿದ್ದೂ ನಾನೇ."

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೈಲೆನ್ಸರ್ ಬಾಯಿ ಬಿಟ್ಟ. "ಭಾವ, ಒಳಗೆ ಬನ್ನಿ, ಮಾತಾಡೋಣ. ಅಷ್ಟಕ್ಕೂ ಒಂದೇ ಒಂದು ಅಂಕಿ..."

"ನಾನು ದಿನಾ ಮೂವತ್ತು ಮನೆಗಳ ರಕ್ತ ತಗೋತೀನಿ" ಎಂದಳು ಲ್ಯಾಬಿನ ಹುಡುಗಿ. ಅವಳ ದನಿ ಏರಿರಲಿಲ್ಲ. "ನಾಳೆ ನಿಮ್ಮ ತಾಯಿಯ ರಕ್ತ ತಗೊಂಡ್ರೆ, ರಿಪೋರ್ಟಲ್ಲಿ ನಾನೂ ಒಂದೇ ಒಂದು ಅಂಕಿ ಬದಲಾಯಿಸ್ಲಾ?"

ಸೈಲೆನ್ಸರ್ ಅಕ್ಕನ ಕಡೆ ತಿರುಗಿದ, ನೀನಾದರೂ ಹೇಳು ಎನ್ನುವಂತೆ. ಅಕ್ಕ ಕುರ್ಚಿಯಿಂದ ಏಳದೆ ಕೇಳಿದಳು: "ಹೋದ ತಿಂಗಳು ನಿನ್ನ ಮಗಳು ಕಾಲೇಜಿಗೆ ಗಾಡಿ ಬೇಕು ಅಂದ್ಲಲ್ಲ, ಅವಳಿಗೆ ಶೋರೂಮಿಂದ ಹೊಸದು ತಂದುಕೊಟ್ಟೆ. ಇಲ್ಲಿ ಇಷ್ಟೊಂದು ನಿಂತಿವೆ. ಇದರಲ್ಲಿ ಒಂದು ಯಾಕೆ ಕೊಡ್ಲಿಲ್ಲ?"

ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದ ಸೈಲೆನ್ಸರನ ಬಾಯಿ ಅಕ್ಕನ ಒಂದು ಪ್ರಶ್ನೆಗೆ ನಿಂತುಹೋಯಿತು. ಅವನು ಕೆಂಪು ಬೈಕಿನ ಸೀಟಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಗಾಡಿ ವಾಪಸ್ ತಗೋತೀನಿ. ಕೊಟ್ಟದ್ದೆಲ್ಲ ಕೊಡ್ತೀನಿ" ಎಂದು ಕೊನೆಗೆ ಗೊಣಗಿದ.

"ನನ್ನ ಪಾಲಿಗೆ ಬಂದ ಹೆಚ್ಚಿನದ್ದನ್ನ ನಾನು ಕೊಡ್ತೀನಿ. ಸ್ಕೂಟರ್ ಮಾರಿದ್ರೂ ಸರಿ" ಎಂದ ಮೀಟರಪ್ಪ. ಆಮೇಲೆ ನೀಲಿ ರಟ್ಟಿನ ಪುಸ್ತಕವನ್ನು ಲ್ಯಾಬಿನ ಹುಡುಗಿಯ ಕೈಗಿಟ್ಟ. "ಇದು ಈ ಗಾಡಿಯ ಹನ್ನೊಂದು ವರ್ಷ. ನೋಡಿ ಆಮೇಲೆ ಹೇಳಮ್ಮಾ."

ಅವಳು ನಿಂತೇ ಓದಿದಳು. ಎಷ್ಟನೇ ಕಿಲೋಮೀಟರಿಗೆ ಎಣ್ಣೆ, ಎಷ್ಟನೇದಕ್ಕೆ ಚೈನು, ಯಾವ ದಿನ ಬ್ರೇಕು, ಕೊನೆಯ ಪುಟದಲ್ಲಿ 'ಹಿಂದಿನ ಬೇರಿಂಗ್ ಬದಲಿಸಬೇಕು' ಎಂದು ಕೆಂಪು ಶಾಯಿಯಲ್ಲಿ. ಓದಿ ಮುಗಿಸಿ ತಲೆಯೆತ್ತಿದಳು.

"ಈ ಪುಸ್ತಕ ತೋರಿಸಿ, ಇದರ ಬೆಲೆ ಹೇಳಿದ್ರೆ ತೊಂಬತ್ನಾಲ್ಕು ಸಾವಿರ ಓಡಿದ್ರೂ ಇದೇ ಗಾಡಿ ತಗೋತಿದ್ದೆ. ಇಷ್ಟು ಚೆನ್ನಾಗಿ ನೋಡ್ಕೊಂಡಿರೋದನ್ನ ನಾಚಿಕೆ ಅಂತ ಯಾಕೆ ಮುಚ್ಚಿಟ್ರಿ?" ಎಂದಳು. "ವಾಪಸ್ ಬೇಡ. ಹೊಸ ಬೇರಿಂಗ್ ಹಾಕ್ಸಿ, ಸರಿಯಾದ ಬೆಲೆ ಹಿಡ್ಕೊಂಡು ಉಳಿದದ್ದು ಕೊಡಿ. ಮತ್ತೆ ಅದರ ಅಂಕಿ ಅದಕ್ಕೆ ಕೊಡಿ."

ಗಡಿಯಾರದವನು ಡಯಲ್ ಬಿಚ್ಚಿದ. ಚಿಮಟದಿಂದ ಮೊದಲ ಚಕ್ರವನ್ನು ಮೆಲ್ಲಗೆ ತಿರುಗಿಸಿದ. ಮೂರು, ನಾಲ್ಕು, ಐದು. ಎಲ್ಲರೂ ಬಗ್ಗಿ ನೋಡುತ್ತಿದ್ದರು. ಒಂಬತ್ತಕ್ಕೆ ಬಂದು ನಿಂತಿತು. "ಹದಿನೈದು ವರ್ಷದಲ್ಲಿ ಮುಂದಕ್ಕೆ ತಿರುಗಿಸು ಅಂದವರು ನೀವೇ ಮೊದಲು" ಎಂದ. ಮಸೂರ ತೆಗೆದಾಗ ಅವನ ಕಣ್ಣು ಕೆಂಪಗಿತ್ತು.

ಮಾರಾಟದ ಪತ್ರದಲ್ಲಿ 24,217 ಎಂಬುದನ್ನು ಮೀಟರಪ್ಪ ಅಡ್ಡಗೆರೆ ಎಳೆದು ಹೊಡೆದುಹಾಕಿದ. ಪಕ್ಕದಲ್ಲಿ 94,217, ಇವತ್ತಿಗೆ 95,088 ಎಂದು ಬರೆದು ಮತ್ತೊಮ್ಮೆ ಸಹಿ ಮಾಡಿದ.

ಗಿರಾಕಿಗಳಲ್ಲಿ ಒಬ್ಬ ಕೆಂಪು ಬೈಕಿನ ಕಡೆ ಬೆರಳು ತೋರಿಸಿದ. "ಹಾಗಾದ್ರೆ ಇದು? ಇದರದ್ದು ನಿಜವಾಗಿ ಎಷ್ಟು?"

ಸೈಲೆನ್ಸರ್ ಹುಬ್ಬು ಗಂಟಿಕ್ಕಿಕೊಂಡು ಯೋಚಿಸಿದ. ನಾಟಕವಲ್ಲ, ನಿಜವಾಗಿಯೂ ಯೋಚಿಸಿದ. "ಅರುವತ್ತೋ... ಎಂಬತ್ತೋ... ನೆನಪಿಲ್ಲ" ಎಂದ. ಸಾಲಾಗಿ ನಿಂತ ಇಪ್ಪತ್ತು ಬೈಕುಗಳನ್ನು ಒಂದೊಂದಾಗಿ ನೋಡಿದ. ಆ ಕಪ್ಪು ಗಾಡಿಯೊಂದನ್ನು ಬಿಟ್ಟರೆ ಯಾವುದರದೂ ಅವನಿಗೆ ನೆನಪಿರಲಿಲ್ಲ. ತಾನು ಮಾರುವ ಮಾಲಿನ ನಿಜ ತನಗೇ ಗೊತ್ತಿಲ್ಲವೆಂದು ಅವನಿಗೆ ಆಗಷ್ಟೇ ಹೊಳೆದಂತಿತ್ತು.

"ನನ್ನ ಹತ್ರ ಇದೆ" ಎಂದು ಮೂಲೆಯಿಂದ ಸಣ್ಣ ದನಿ ಬಂತು. ಗಡಿಯಾರದವನು ಖಾನೆಯ ತಳದಿಂದ ಎಣ್ಣೆ ಜಿಡ್ಡಿನ ಚಿಕ್ಕ ಪುಸ್ತಕ ತೆಗೆದ. "ಗಡಿಯಾರ ಬಿಚ್ಚೋ ಮುಂಚೆ ಅದು ಎಷ್ಟು ಗಂಟೆಗೆ ನಿಂತಿತ್ತು ಅಂತ ಬರೆದಿಡೋದು ನಮ್ಮಪ್ಪ ಕಲಿಸಿದ ರೂಢಿ. ಬಿಡೋಕಾಗ್ಲಿಲ್ಲ. ಪ್ರತಿಯೊಂದು ಗಾಡೀದೂ ಬರೆದಿದ್ದೀನಿ. ಯಾರೂ ಕೇಳಿರ್ಲಿಲ್ಲ."

ಸೈಲೆನ್ಸರ್ ಆ ಪುಸ್ತಕವನ್ನೇ ನೋಡುತ್ತಾ ನಿಂತ. ಕಸಿದುಕೊಳ್ಳುತ್ತಾನೇನೋ ಎಂದು ಮೀಟರಪ್ಪ ಒಂದು ಹೆಜ್ಜೆ ಮುಂದಿಟ್ಟ. ಆದರೆ ಸೈಲೆನ್ಸರ್ ಮೇಜಿನ ಮೇಲಿನ ಒರೆಸುವ ಬಟ್ಟೆಯನ್ನು ತೆಗೆದು, ಕೆಂಪು ಬೈಕಿನ ಡಯಲ್ಲಿನ ಗಾಜು ಒರೆಸಿ, ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ಮೀಟರಪ್ಪ ಹ್ಯಾಂಡಲ್ ಹಿಡಿದು ಕುಕ್ಕರುಗಾಲಲ್ಲಿ ಕೂತ. ಮಂಡಿ ಲಟಕ್ಕೆಂದಿತು. ಜೇಬಿನಿಂದ ಒಂದು ಹಾಳೆಯನ್ನೂ ಪೆನ್ನನ್ನೂ ತೆಗೆದು, ಮುಚ್ಚಳ ಬಿಚ್ಚಿ, ಗಡಿಯಾರದವನ ಕಡೆ ನೋಡಿದ.

"ಓದಿ" ಎಂದ.